ಗುಂಡಿನ ಉದ್ದ, ಬ್ಯಾರೆಲ್‌ನ ಟ್ವಿಸ್ಟ್: ದೂರದ ಗುರಿಗೆ ಯಾವುದಕ್ಕೆ ಯಾವುದು ಜೋಡಿ?

1955ರಲ್ಲಿ ಅಮೆರಿಕದ ಎರಡು ದೊಡ್ಡ ಕಂಪನಿಗಳು 6 ಮಿಲಿಮೀಟರ್ ಗುಂಡಿನ ಎರಡು ಹೊಸ ಕಾರ್ಟ್ರಿಜ್‌ಗಳನ್ನು (ಗುಂಡು, ಮದ್ದು ಎಲ್ಲ ಸೇರಿದ ತೋಟಾ) ಮಾರುಕಟ್ಟೆಗೆ ಬಿಟ್ಟವು. ವಿಂಚೆಸ್ಟರ್‌ನದು .243, ರೆಮಿಂಗ್ಟನ್‌ನದು .244 (ಇಂಥ ಹೆಸರಿನ ಅಂಕಿ ಇಂಚಿನಲ್ಲಿ ಸರಿಸುಮಾರು ಅಡ್ಡಳತೆ). ಗುಂಡಿನ ಅಡ್ಡಳತೆ ಎರಡಕ್ಕೂ ಒಂದೇ. ಮದ್ದು ಹಿಡಿಯುವ ಜಾಗ ನೋಡಿದರೆ .244ರದ್ದೇ ತುಸು ಜಾಸ್ತಿ. ಆದರೂ ಗೆದ್ದದ್ದು .243.

ಕಾರಣ ಬ್ಯಾರೆಲ್ ಒಳಗಿತ್ತು. ವಿಂಚೆಸ್ಟರ್ 1:10 ಟ್ವಿಸ್ಟ್ ಕೊಟ್ಟಿತ್ತು, ಅಂದರೆ ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳು ಗುಂಡನ್ನು 10 ಇಂಚಿಗೆ ಒಂದು ಸುತ್ತು ತಿರುಗಿಸುತ್ತಿದ್ದವು. ಅದರಲ್ಲಿ 100 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ನೆಟ್ಟಗೆ ಹೋಗುತ್ತಿತ್ತು. ರೆಮಿಂಗ್ಟನ್ ಹಗುರ ಗುಂಡುಗಳನ್ನು ಮನಸ್ಸಲ್ಲಿಟ್ಟುಕೊಂಡು 1:12 ಕೊಟ್ಟಿತ್ತು. ಒಂದೇ ರೈಫಲ್‌ನಲ್ಲಿ ಹಗುರದ್ದೂ ಭಾರದ್ದೂ ಹೊಡೆಯಬೇಕು ಅಂದುಕೊಂಡಿದ್ದ ಜನ .243 ಕಡೆ ವಾಲಿದರು. ಆಮೇಲೆ ರೆಮಿಂಗ್ಟನ್ ಟ್ವಿಸ್ಟನ್ನು 1:9ಕ್ಕೆ ಬಿಗಿ ಮಾಡಿತು. 1963ರಲ್ಲಿ ಅದೇ ಕಾರ್ಟ್ರಿಜ್‌ಗೆ 6 ಎಂಎಂ ರೆಮಿಂಗ್ಟನ್ ಅಂತ ಹೊಸ ಹೆಸರಿಟ್ಟಿತು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಬ್ಯಾರೆಲ್ ಒಮ್ಮೆ ಕೊಂಡರೆ ಅದರ ಟ್ವಿಸ್ಟ್ ಬದಲಾಗಲ್ಲ. ಗುಂಡನ್ನು ಮಾತ್ರ ಬೇಕಾದಾಗ ಬದಲಾಯಿಸಬಹುದು. ಹಾಗಾಗಿ ಆಯ್ಕೆ ಮಾಡುವಾಗ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ: ನಿಮ್ಮ ಹತ್ತಿರ ಈಗಾಗಲೇ ಇರುವ ಬ್ಯಾರೆಲ್‌ಗೆ ಗುಂಡು ಹುಡುಕುತ್ತಿದ್ದೀರಾ, ಇಲ್ಲ ಬೇಕಾದ ಗುಂಡಿಗೆ ಹೊಸ ಬ್ಯಾರೆಲ್ ಹುಡುಕುತ್ತಿದ್ದೀರಾ? ಎರಡಕ್ಕೂ ಉತ್ತರ ಬೇರೆ ಬೇರೆ.

ನೋಡಬೇಕಾದದ್ದು ತೂಕವಲ್ಲ, ಉದ್ದ

1:8 ಅಂದರೆ ಗುಂಡು ಬ್ಯಾರೆಲ್‌ನಲ್ಲಿ 8 ಇಂಚು ಸಾಗುವಷ್ಟರಲ್ಲಿ ಒಂದು ಪೂರ್ತಿ ಸುತ್ತು ತಿರುಗುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಟ್ವಿಸ್ಟ್ ಬಿಗಿ, ಗುಂಡು ತಿರುಗುವುದು ಜೋರು. 1:7 ಬಿಗಿ, 1:14 ಸಡಿಲ. ಹೊಸಬರು ಇಲ್ಲೇ ಮೊದಲು ಗೊಂದಲ ಮಾಡಿಕೊಳ್ಳುವುದು.

ಚೂಪು ಮೂತಿಯ ಗುಂಡಿನ ಭಾರವೆಲ್ಲ ಹಿಂದಿನ ಅರ್ಧದಲ್ಲಿ ಇರುತ್ತದೆ. ಗಾಳಿಯ ಒತ್ತಡ ಮಾತ್ರ ಮೂತಿಯ ಕಡೆಗೆ ಜಾಸ್ತಿ. ಹಾಗಾಗಿ ಗಾಳಿ ಅದನ್ನು ಸದಾ ಮಗುಚಿ ಹಾಕಲು ನೋಡುತ್ತದೆ. ಬುಗುರಿ ಬೀಳದೆ ನಿಲ್ಲುವುದು ತಿರುಗುತ್ತಿರುವಷ್ಟು ಹೊತ್ತು ಮಾತ್ರ ಅಲ್ವಾ, ಗುಂಡಿನ ಕಥೆಯೂ ಅದೇ. ಗುಂಡು ಉದ್ದವಾದಷ್ಟೂ ಗಾಳಿಗೆ ಹಿಡಿತ ಜಾಸ್ತಿ ಸಿಗುತ್ತದೆ. ಅದನ್ನು ನೆಟ್ಟಗೆ ಇಡಲು ತಿರುಗಣೆಯೂ ಜಾಸ್ತಿ ಬೇಕು.

"ಭಾರದ ಗುಂಡಿಗೆ ಬಿಗಿ ಟ್ವಿಸ್ಟ್" ಅನ್ನೋ ಮಾತು ಎಲ್ಲ ಕಡೆ ಕೇಳುತ್ತೀರಿ. ಅರ್ಧ ಸತ್ಯ ಅದು. ಒಂದೇ ಅಡ್ಡಳತೆಯಲ್ಲಿ, ಒಂದೇ ಲೋಹದಲ್ಲಿ ಭಾರದ ಗುಂಡು ಉದ್ದವೂ ಆಗಿರುತ್ತದೆ, ಆದ್ದರಿಂದ ಮಾತು ನಡೆಯುತ್ತದೆ. ಎಲ್ಲಿ ಕೈಕೊಡುತ್ತದೆ ಅನ್ನುವುದಕ್ಕೆ ಅಮೆರಿಕದ ಸೇನೆಯ ಎಂ16ಎ2 ರೈಫಲ್ ಒಳ್ಳೆಯ ಉದಾಹರಣೆ. 1980ರ ದಶಕದಲ್ಲಿ ಬಂದ ಎಂ855 ಗುಂಡಿನ ತೂಕ 62 ಗ್ರೇನ್. ಅದಕ್ಕೆ 1:9 ಟ್ವಿಸ್ಟ್ ಸಾಕಾಗಿತ್ತು. ಆದರೆ ಅದರ ಜೊತೆಯಲ್ಲೇ ಎಂ856 ಟ್ರೇಸರ್ (ಹಾರುವಾಗ ಉರಿದು ದಾರಿ ತೋರಿಸುವ) ಗುಂಡೂ ಅದೇ ಬ್ಯಾರೆಲ್‌ನಲ್ಲಿ ಹೋಗಬೇಕಿತ್ತು. ತೂಕದಲ್ಲಿ ಟ್ರೇಸರ್ ಹೆಚ್ಚುಕಡಿಮೆ ಅಷ್ಟೇ. ಹಿಂಭಾಗದಲ್ಲಿ ಸೀಸದ ಬದಲು ಉರಿಯುವ ಹಗುರ ಮಿಶ್ರಣ ಇರುವುದರಿಂದ ಉದ್ದ ಮಾತ್ರ ತುಂಬಾ ಜಾಸ್ತಿ. ಆ ಉದ್ದಕ್ಕೋಸ್ಕರ ಬ್ಯಾರೆಲ್ 1:7 ಆಯಿತು.

ಪೂರ್ತಿ ತಾಮ್ರದ ಗುಂಡುಗಳಲ್ಲೂ ಇದೇ ಸಂಗತಿ. ಸೀಸದ ಸಾಂದ್ರತೆ 11.3, ತಾಮ್ರದ್ದು 8.9ರ ಆಸುಪಾಸು. ಅದೇ ತೂಕ ಬೇಕೆಂದರೆ ತಾಮ್ರದ ಗುಂಡು ಉದ್ದ ಆಗಲೇಬೇಕು. ಸೀಸದ 140 ಗ್ರೇನ್ ಚೆನ್ನಾಗಿ ಹೋಗುವ ಬ್ಯಾರೆಲ್‌ನಲ್ಲಿ ತಾಮ್ರದ 140 ಗ್ರೇನ್ ತಡವರಿಸಿದರೆ ಅದಕ್ಕೆ ರೈಫಲನ್ನು ಬಯ್ಯಬೇಡಿ.

ಲೆಕ್ಕ ಒಂದು ಸಲ ಹಾಕಿ ನೋಡೋಣ

1879ರಲ್ಲಿ ಬ್ರಿಟನ್ನಿನ ಗಣಿತಜ್ಞ ಆಲ್‌ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ ಒಂದು ಸರಳ ಸೂತ್ರ ಕೊಟ್ಟರು. ಗುಂಡಿನ ಅಡ್ಡಳತೆಯ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. ಬಂದದ್ದು ಎಷ್ಟು ಇಂಚಿಗೆ ಒಂದು ಸುತ್ತು ಬೇಕು ಅನ್ನುವುದು. ವೇಗ ಸೆಕೆಂಡಿಗೆ 2800 ಅಡಿ ಮೀರಿದರೆ 150ರ ಬದಲು 180 ಹಾಕುವುದು ರೂಢಿ. ಸೂತ್ರದಲ್ಲಿ ತೂಕದ ಸುದ್ದಿಯೇ ಇಲ್ಲ, ಗಮನಿಸಿ. ಆ ಕಾಲದ ಮೊಂಡು ಗುಂಡುಗಳಿಗೆ ಅದು ಚೆನ್ನಾಗಿತ್ತು. ಇವತ್ತಿನ ಸಪೂರ ಮೂತಿಯ ಗುಂಡುಗಳಿಗೆ ಒರಟು ಅಂದಾಜು ಅಷ್ಟೇ.

ಈಗ ಎಲ್ಲರೂ ಬಳಸುವುದು ಡಾನ್ ಮಿಲ್ಲರ್ ಸೂತ್ರ. 2005ರಲ್ಲಿ ಪ್ರಕಟವಾದದ್ದು. ಗುಂಡಿನ ತೂಕ, ಉದ್ದ, ಅಡ್ಡಳತೆ, ಟ್ವಿಸ್ಟ್ ಕೊಟ್ಟರೆ ಸ್ಥಿರತೆಯ ಒಂದು ಅಂಕ ಕೊಡುತ್ತದೆ. ಎಸ್‌ಜಿ ಅನ್ನುತ್ತಾರೆ. 1ಕ್ಕಿಂತ ಕೆಳಗೆ ಇದ್ದರೆ ಗುಂಡು ಮಗುಚುತ್ತದೆ. 1.5 ಇದ್ದರೆ ನಿಶ್ಚಿಂತೆ. ನಡುವಿನದು ಅಪಾಯದ ಜಾಗ ಅನ್ನುವುದಕ್ಕಿಂತ ನಷ್ಟದ ಜಾಗ. ಗುಂಡು ಮೂತಿ ಮುಂದಾಗಿಯೇ ಹೋಗುತ್ತದೆ, ಕಾಗದದಲ್ಲಿ ತೂತು ದುಂಡಗೇ ಬೀಳುತ್ತದೆ. ಆದರೆ ಹಾರುವಾಗ ಸ್ವಲ್ಪ ಓಲಾಡುತ್ತದೆ. ಓಲಾಡಿದರೆ ಗಾಳಿಯ ಎಳೆತ ಜಾಸ್ತಿ. ಪೆಟ್ಟಿಗೆಯ ಮೇಲೆ ಬರೆದ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್, ಅಂದರೆ ಬಿ.ಸಿ. (ಗುಂಡು ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಅನ್ನುವ ಅಂಕ), ಪೂರ್ತಿ ಕೈಗೆ ಬರಲ್ಲ. 300 ಗಜದಲ್ಲಿ ಇದು ಗೊತ್ತೇ ಆಗಲ್ಲ. 1000 ಗಜದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

6.5 ಎಂಎಂನ ಒಂದು ಗುಂಡು ತೆಗೆದುಕೊಳ್ಳಿ: 140 ಗ್ರೇನ್, 1.4 ಇಂಚು ಉದ್ದ, ಸೆಕೆಂಡಿಗೆ 2700 ಅಡಿ ವೇಗ, 15 ಡಿಗ್ರಿ ಸೆಲ್ಸಿಯಸ್, ಸಮುದ್ರ ಮಟ್ಟ. ಮಿಲ್ಲರ್ ಸೂತ್ರದಲ್ಲಿ 1:8 ಬ್ಯಾರೆಲ್‌ಗೆ ಅಂಕ 1.59 ಬರುತ್ತದೆ. 1:8.5ಕ್ಕೆ 1.41. 1:9ಕ್ಕೆ 1.26. 1:10ಕ್ಕೆ 1.02, ಅಂದರೆ ಪ್ರಪಾತದ ಅಂಚು. ಈಗ ತೂಕ 140 ಗ್ರೇನೇ ಇರಲಿ, ಉದ್ದ ಮಾತ್ರ 1.55 ಇಂಚು ಮಾಡಿ. 1:8ರಲ್ಲೇ ಅಂಕ 1.18ಕ್ಕೆ ಇಳಿಯುತ್ತದೆ. ಬರೀ 0.15 ಇಂಚು ಉದ್ದ ಇಷ್ಟು ಕೆಲಸ ಮಾಡುತ್ತದೆ.

ಸೂತ್ರದಲ್ಲಿ ಟ್ವಿಸ್ಟ್ ವರ್ಗವಾಗಿ ಕೂತಿದೆ. ಹಾಗಾಗಿ 1:10ರಿಂದ 1:9ಕ್ಕೆ ಬಂದರೆ ಅಂಕ ಶೇ. 23ರಷ್ಟು ಏರುತ್ತದೆ. ವೇಗದ ಪ್ರಭಾವ ಮಾತ್ರ ತೀರಾ ಕಡಿಮೆ. ವೇಗ ಶೇ. 10 ಏರಿಸಿದರೂ ಅಂಕ ಏರುವುದು ಬರೀ ಶೇ. 3. "ಸ್ವಲ್ಪ ಮದ್ದು ಜಾಸ್ತಿ ಹಾಕಿದರೆ ಸರಿಹೋಗುತ್ತೆ" ಅನ್ನೋ ಸಲಹೆ ಕೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸ್ಥಿರತೆಯೂ ಬರಲ್ಲ, ಒತ್ತಡ ಏರಿ ಬೇರೆ ತೊಂದರೆ ಬರುತ್ತದೆ.

ಒಂದು ಕಿವಿಮಾತು. ಪ್ಲಾಸ್ಟಿಕ್ ಮೂತಿಯ ಗುಂಡುಗಳಿಗೆ ಪೂರ್ತಿ ಉದ್ದ ಹಾಕಿ ಲೆಕ್ಕ ಮಾಡಿದರೆ ಅಂಕ ನಿಜಕ್ಕಿಂತ ಕಡಿಮೆ ಬರುತ್ತದೆ. ಆ ತುದಿಗೆ ತೂಕವೇ ಇಲ್ಲವಲ್ಲ. ಇಂಥ ಗುಂಡುಗಳಿಗೆ ಬೇರೆ ತಿದ್ದುಪಡಿ ಇದೆ. ಗುಂಡು ತಯಾರಕರ ಕ್ಯಾಲ್ಕುಲೇಟರ್‌ಗಳಲ್ಲಿ ಅದರದೇ ಗುಂಡಿನ ಹೆಸರು ಆರಿಸಿದರೆ ಸಾಕು.

ಆಕಾರಗಳಲ್ಲಿ ಯಾವುದು?

ಚಪ್ಪಟೆ ಬುಡದ ಗುಂಡು ಚಿಕ್ಕದು, ತಯಾರಿಸಲು ಸುಲಭ, ಸಡಿಲ ಟ್ವಿಸ್ಟ್‌ನಲ್ಲೂ ಆರಾಮಾಗಿ ಹೋಗುತ್ತದೆ. 100ರಿಂದ 300 ಗಜದ ಬೆಂಚ್‌ರೆಸ್ಟ್ (ರೈಫಲನ್ನು ಮೇಜಿನ ಮೇಲಿಟ್ಟು ಹೊಡೆಯುವ) ಸ್ಪರ್ಧೆಯವರು 6 ಪಿಪಿಸಿ ಅನ್ನುವ ಕಾರ್ಟ್ರಿಜ್‌ನಲ್ಲಿ 65-68 ಗ್ರೇನ್‌ನ ಇಂಥ ಗುಂಡನ್ನು 1:13.5, 1:14 ಬ್ಯಾರೆಲ್‌ಗಳಲ್ಲಿ ಹೊಡೆಯುತ್ತಾರೆ. ತೂತಿನ ಮೇಲೆ ತೂತು ಬೀಳುತ್ತದೆ. ದೂರಕ್ಕೆ ಮಾತ್ರ ಇದು ಆಗದ ಮಾತು. ಬುಡದ ಹಿಂದೆ ಗಾಳಿ ಎಳೆಯುತ್ತದೆ, ವೇಗ ಬೇಗ ಕರಗುತ್ತದೆ.

ದೂರಕ್ಕೆ ಬೋಟ್‌ಟೇಲ್ ಬೇಕೇ ಬೇಕು. ಹಿಂಭಾಗ ಸಪೂರ ಆಗುತ್ತಾ ಹೋಗುವ ಆಕಾರ ಅದು. ಅದರಲ್ಲೂ ಮೂತಿಯ ಬಾಗು ಮೂರು ತರ ಇರುತ್ತದೆ. ಟ್ಯಾಂಜೆಂಟ್ ಮೂತಿಯಲ್ಲಿ ಬಾಗು ಗುಂಡಿನ ನೇರ ಗೋಡೆಯಿಂದ ನಯವಾಗಿ ಶುರುವಾಗುತ್ತದೆ. ಕಾರ್ಟ್ರಿಜ್‌ನಲ್ಲಿ ಗುಂಡನ್ನು ತುಸು ಆಳ ಕೂರಿಸಿದರೂ ಮೇಲೆ ಕೂರಿಸಿದರೂ ಅದು ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ. ಸೀಕೆಂಟ್ ಮೂತಿಯಲ್ಲಿ ಗೋಡೆ ಮತ್ತು ಬಾಗು ಸೇರುವಲ್ಲಿ ಸಣ್ಣ ಮೂಲೆ ಇರುತ್ತದೆ. ವಿಎಲ್‌ಡಿ (ವೆರಿ ಲೋ ಡ್ರ್ಯಾಗ್, ಅಂದರೆ ಗಾಳಿಯ ಎಳೆತ ತೀರಾ ಕಡಿಮೆ ಇರುವ) ಗುಂಡುಗಳು ಈ ಜಾತಿ. ಗಾಳಿಯನ್ನು ಚೆನ್ನಾಗಿ ಸೀಳುತ್ತವೆ. ಆದರೆ ಎಷ್ಟು ಆಳ ಕೂರಿಸಬೇಕು ಅನ್ನುವುದರಲ್ಲಿ ಬಲು ಹಟಮಾರಿ. ಹೈಬ್ರಿಡ್ ಮೂತಿಯಲ್ಲಿ ಗೋಡೆಯ ಹತ್ತಿರ ಟ್ಯಾಂಜೆಂಟ್, ಮುಂದೆ ಸೀಕೆಂಟ್. ಎರಡರ ಒಳ್ಳೆಯದೂ ಸಿಗುತ್ತದೆ, ಜೊತೆಗೆ ಉದ್ದವೂ ಏರುತ್ತದೆ.

ನನ್ನನ್ನು ಕೇಳಿದರೆ, ಕೂರಿಸುವ ಆಳವನ್ನು ಸಾವಿರದ ಒಂದಂಶ ಇಂಚಿನ ಲೆಕ್ಕದಲ್ಲಿ ಪರೀಕ್ಷೆ ಮಾಡುವ ತಾಳ್ಮೆ ಇಲ್ಲದವರು ವಿಎಲ್‌ಡಿ ಕಡೆ ಹೋಗಲೇಬಾರದು. ಹೈಬ್ರಿಡ್ ತೆಗೆದುಕೊಳ್ಳಿ, ಅದಕ್ಕೆ ಬೇಕಾದಷ್ಟು ಟ್ವಿಸ್ಟ್ ಕೊಡಿ. ಕಾರ್ಖಾನೆಯಲ್ಲಿ ತುಂಬಿದ ಕಾರ್ಟ್ರಿಜ್ ಬಳಸುವವರಿಗೆ ಈ ತಲೆನೋವು ಇಲ್ಲ. ಅವರು ಪೆಟ್ಟಿಗೆ ಅಥವಾ ತಯಾರಕರ ಪಟ್ಟಿ ಹೇಳುವ ಕನಿಷ್ಠ ಟ್ವಿಸ್ಟ್ ನೋಡಿದರೆ ಸಾಕು.

ಬುಡದ ಕೋನಕ್ಕೂ ಬೆಲೆ ಇದೆ. .308ರಲ್ಲಿ ಸಿಯೆರಾ ಕಂಪನಿಯ 168 ಗ್ರೇನ್ ಮ್ಯಾಚ್‌ಕಿಂಗ್ ಮೂಲತಃ 300 ಮೀಟರ್ ಸ್ಪರ್ಧೆಗೆ ಮಾಡಿದ ಗುಂಡು. ಅದರ ಬೋಟ್‌ಟೇಲ್ ಕೋನ ಸುಮಾರು 13 ಡಿಗ್ರಿ. ವೇಗ ಶಬ್ದದ ವೇಗದ ಹತ್ತಿರ ಇಳಿದಾಗ ಅದು ತತ್ತರಿಸುತ್ತದೆ, 1000 ಗಜದಲ್ಲಿ ನೆಚ್ಚಿಕೊಳ್ಳಲು ಆಗಲ್ಲ. 175 ಗ್ರೇನ್ ಗುಂಡಿನ ಕೋನ ಸುಮಾರು 9 ಡಿಗ್ರಿ. ಅದು ಆ ಗಡಿಯನ್ನು ಸಲೀಸಾಗಿ ದಾಟುತ್ತದೆ. 1:12 ಬ್ಯಾರೆಲ್‌ನಲ್ಲಿ ಎರಡಕ್ಕೂ ಸ್ಥಿರತೆಯ ಅಂಕ ಹೆಚ್ಚುಕಡಿಮೆ ಒಂದೇ, 1.7ರ ಆಸುಪಾಸು. ಅಂದರೆ ಟ್ವಿಸ್ಟ್ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ. ಎಸ್‌ಜಿ ಅಂಕ ಗುಂಡು ದೂರ ಹೋದಂತೆ ಏರುತ್ತಲೇ ಹೋಗುತ್ತದೆ, ಯಾಕೆಂದರೆ ಮುಂದಕ್ಕೆ ಹೋಗುವ ವೇಗ ಬೇಗ ಕರಗುತ್ತದೆ, ತಿರುಗುವ ವೇಗ ನಿಧಾನವಾಗಿ ಕರಗುತ್ತದೆ. ಶಬ್ದದ ಗಡಿಯಲ್ಲಿ ಆಗುವ ತೊಂದರೆ ಬೇರೆಯೇ ಬಗೆಯದು. ಟ್ವಿಸ್ಟ್ ಬಿಗಿ ಮಾಡಿ ಅದನ್ನು ಓಡಿಸಲು ಆಗಲ್ಲ. ಗುಂಡನ್ನೇ ಬದಲಾಯಿಸಬೇಕು.

ಯಾವ ಅಳತೆಗೆ ಎಷ್ಟು?

.223ರಲ್ಲಿ ಬ್ಯಾರೆಲ್‌ಗಳ ಜಾತ್ರೆಯೇ ಇದೆ. 55 ಗ್ರೇನ್‌ವರೆಗೆ 1:12 ಸಾಕು. 69 ಗ್ರೇನ್‌ಗೆ 1:9. 77ಕ್ಕೆ ಮತ್ತು 80ಕ್ಕೆ 1:8. 90ರ ಹತ್ತಿರ ಹೋದರೆ 1:7 ಕೂಡ ಗಡಿಯಲ್ಲೇ ನಿಲ್ಲುತ್ತದೆ, 1:6.5 ಕೇಳುವ ಗುಂಡುಗಳೂ ಇವೆ. ದೂರಕ್ಕೆ ಅಂತ ಹೊಸದಾಗಿ ಕೊಳ್ಳುವವರು 1:8ಕ್ಕಿಂತ ಸಡಿಲದ್ದನ್ನು ಮುಟ್ಟಬೇಡಿ.

.243ರ 1:10 ಬ್ಯಾರೆಲ್ 100 ಗ್ರೇನ್‌ನ ಬೇಟೆ ಗುಂಡಿಗೆ ಸರಿ. ಗುರಿ ಸ್ಪರ್ಧೆಯ 105ರಿಂದ 115 ಗ್ರೇನ್‌ನ ಉದ್ದ ಮೂತಿಗಳಿಗೆ 1:8 ಬೇಕು, 1:7.5 ಇದ್ದರೆ ಇನ್ನೂ ಚೆನ್ನ.

6.5ರಲ್ಲಿ ಕಥೆ ಸ್ವಾರಸ್ಯವಾಗಿದೆ. 1997ರಲ್ಲಿ ಬಂದ .260 ರೆಮಿಂಗ್ಟನ್ ಒಳ್ಳೆಯ ಕಾರ್ಟ್ರಿಜ್. ಆದರೆ ಅದರ ಕಾರ್ಖಾನೆ ರೈಫಲ್‌ಗಳಲ್ಲಿ 1:9 ಟ್ವಿಸ್ಟ್ ಸಾಮಾನ್ಯವಾಗಿತ್ತು. ಮೇಲಿನ ಲೆಕ್ಕದ 1.26 ನೆನಪಿಸಿಕೊಳ್ಳಿ. 2007ರಲ್ಲಿ ಹಾರ್ನಡಿ 6.5 ಕ್ರೀಡ್‌ಮೋರ್ ತಂದಾಗ 1:8 ಟ್ವಿಸ್ಟ್ ಮೊದಲಿಂದಲೇ ಜೊತೆಗಿತ್ತು. ಕೇಸ್ (ಮದ್ದು ತುಂಬುವ ಲೋಹದ ಕೋಶ) ಗಿಡ್ಡ ಇದ್ದದ್ದರಿಂದ ಉದ್ದ ಮೂತಿಯ ಗುಂಡಿಗೆ ಮ್ಯಾಗಜಿನ್‌ನಲ್ಲಿ ಜಾಗವೂ ಸಿಕ್ಕಿತು. ಎರಡರ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಂಗಡಿಯಿಂದ ತಂದ ರೈಫಲ್ ನೇರವಾಗಿ 140 ಗ್ರೇನ್ ಮ್ಯಾಚ್ (ಸ್ಪರ್ಧೆಯ) ಗುಂಡಿಗೆ ಒಗ್ಗಿಕೊಳ್ಳುತ್ತಿತ್ತು, ಕ್ರೀಡ್‌ಮೋರ್ ಹಬ್ಬಿದ್ದಕ್ಕೆ ಅದು ದೊಡ್ಡ ಕಾರಣ.

.270ದು ಇದಕ್ಕೆ ತದ್ವಿರುದ್ಧ. 1925ರಿಂದ ಅದರ ಬ್ಯಾರೆಲ್‌ಗಳೆಲ್ಲ 1:10. ಉದ್ದ ಗುಂಡು ಮಾಡಿದರೆ ಹೊಡೆಯಲು ಬ್ಯಾರೆಲ್ ಇಲ್ಲ, ಬಿಗಿ ಬ್ಯಾರೆಲ್ ಮಾಡಿದರೆ ಅದಕ್ಕೆ ತಕ್ಕ ಗುಂಡು ಇಲ್ಲ. ದಶಕಗಟ್ಟಲೆ ಹಾಗೇ ಕಳೆಯಿತು. ಅದೇ ಅಡ್ಡಳತೆಯ 6.8 ವೆಸ್ಟರ್ನ್ 2021ರಲ್ಲಿ ಬಂದಾಗ ಬ್ಯಾರೆಲ್ 1:8, 1:7.5ಕ್ಕೆ ಇಳಿಯಿತು. ಆಗ 165, 175 ಗ್ರೇನ್ ಗುಂಡುಗಳಿಗೆ ದಾರಿ ಆಯಿತು.

.308ಕ್ಕೆ 175 ಗ್ರೇನ್‌ವರೆಗೆ 1:12 ನಡೆಯುತ್ತದೆ. ಅದಕ್ಕಿಂತ ಭಾರದ್ದು, ಇಲ್ಲ ತಾಮ್ರದ್ದು ಬೇಕಾದರೆ 1:10. .300 ಮ್ಯಾಗ್ನಮ್‌ಗಳಲ್ಲಿ 1:10 ರೂಢಿ. 215 ಗ್ರೇನ್ ಹೈಬ್ರಿಡ್ ಅಲ್ಲಿ 1.5ರ ಗಡಿಯ ಆಸುಪಾಸು ನಿಲ್ಲುತ್ತದೆ. ಅದಕ್ಕೂ ಉದ್ದದ್ದು ಬೇಕಿದ್ದರೆ 1:9 ಹಾಕಿಸಿ.

ತೀರಾ ಬಿಗಿಯಾದರೆ ಏನಾಗುತ್ತದೆ?

ಹಾಗಾದರೆ ಎಲ್ಲದಕ್ಕೂ ಬಿಗಿ ಟ್ವಿಸ್ಟೇ ಹಾಕಿಸಿಬಿಡಬಹುದಲ್ಲ? ಹೆಚ್ಚುಕಡಿಮೆ ಹೌದು. ಎರಡು ವಿಷಯ ಮಾತ್ರ ನೋಡಿಕೊಳ್ಳಬೇಕು.

ಒಂದು, ಗುಂಡಿನ ಹೊದಿಕೆ. ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು ಸುಲಭ ಲೆಕ್ಕ. ವೇಗವನ್ನು 720ರಿಂದ ಗುಣಿಸಿ ಟ್ವಿಸ್ಟ್‌ನಿಂದ ಭಾಗಿಸಿ. 2800 ಅಡಿ ವೇಗ, 1:8 ಅಂದರೆ 2,52,000 ಸುತ್ತು. 3200 ಅಡಿ, 1:7 ಅಂದರೆ 3,29,000 ದಾಟುತ್ತದೆ. ಗಟ್ಟಿ ಹೊದಿಕೆಯ ಗುಂಡಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಸಣ್ಣ ಪ್ರಾಣಿಗಳ ಬೇಟೆಗೆಂದು ಮಾಡಿದ ತೆಳು ಹೊದಿಕೆಯ ಹಗುರ ಗುಂಡು ಈ ತಿರುಗಣೆಗೆ ಹರಿದು ಹೋಗಬಹುದು. ಗುರಿಗೆ ಏನೂ ತಲುಪಲ್ಲ, ದಾರಿಯಲ್ಲಿ ಬೂದು ಬಣ್ಣದ ಹೊಗೆಯಂಥ ಗೆರೆ ಕಾಣುತ್ತದೆ.

ಎರಡು, ಗುಂಡಿನ ಗುಣಮಟ್ಟ. ಗುಂಡಿನ ತೂಕ ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ವಾಲಿದ್ದರೂ ಬ್ಯಾರೆಲ್ ಬಿಟ್ಟಾಗ ಅದು ಪಕ್ಕಕ್ಕೆ ಎಗರುತ್ತದೆ. ಜೋರಾಗಿ ತಿರುಗಿದಷ್ಟೂ ಎಗರುವುದು ಜಾಸ್ತಿ. ಬೆಂಚ್‌ರೆಸ್ಟ್‌ನವರು ಸಡಿಲ ಟ್ವಿಸ್ಟ್‌ಗೆ ಅಂಟಿಕೊಂಡಿರುವುದು ಇದಕ್ಕೇ. ಇವತ್ತಿನ ಒಳ್ಳೆಯ ಮ್ಯಾಚ್ ಗುಂಡುಗಳಲ್ಲಿ ಈ ವಾಲು ಎಷ್ಟು ಕಡಿಮೆ ಅಂದರೆ ದೂರದ ಶೂಟರ್‌ಗೆ ಅದು ಕಾಣುವುದೇ ಇಲ್ಲ. ಅಗ್ಗದ ಗುಂಡಿನಲ್ಲಿ ಕಾಣುತ್ತದೆ.

ಸ್ಪಿನ್ ಡ್ರಿಫ್ಟ್ ಬಗ್ಗೆ ಸುಮ್ನೆ ಹೆದರಿಸುವವರಿದ್ದಾರೆ. ಬಲಕ್ಕೆ ತಿರುಗುವ ಬ್ಯಾರೆಲ್‌ನಿಂದ ಹೋದ ಗುಂಡು ಬಲಕ್ಕೆ ಸರಿಯುತ್ತದೆ, ನಿಜ. ಮೇಲಿನ 6.5 ಗುಂಡು 1000 ಗಜದಲ್ಲಿ 1:8ರಿಂದ ಸುಮಾರು 8 ಇಂಚು ಸರಿದರೆ 1:9ರಿಂದ ಸುಮಾರು 7 ಇಂಚು ಸರಿಯುತ್ತದೆ. ಒಂದು ಇಂಚಿನ ವ್ಯತ್ಯಾಸ. ಅದೂ ಪ್ರತಿ ಸಲ ಅಷ್ಟೇ ಇರುವುದರಿಂದ ಸ್ಕೋಪ್‌ನಲ್ಲಿ ತಿದ್ದಿಕೊಂಡರೆ ಮುಗಿಯಿತು. ಟ್ವಿಸ್ಟ್ ಆಯ್ಕೆಗೆ ಇದನ್ನು ಕಾರಣ ಮಾಡಿಕೊಳ್ಳಬೇಡಿ.

ಚಳಿ ಮತ್ತು ಎತ್ತರ

ಗಾಳಿ ದಟ್ಟವಾದಷ್ಟೂ ಗುಂಡನ್ನು ಮಗುಚುವ ಬಲ ಜಾಸ್ತಿ. ಎಂ16ರ ಮೂಲವಾದ ಎಆರ್-15 ರೈಫಲ್‌ನ ಮೊದಲ ಬ್ಯಾರೆಲ್‌ಗಳು 1:14 ಇದ್ದವು. ಕಡು ಚಳಿಯ ಪ್ರದೇಶದಲ್ಲಿ ಪರೀಕ್ಷಿಸಿದಾಗ 55 ಗ್ರೇನ್ ಗುಂಡೇ ತಡವರಿಸಿತು. 1963ರಲ್ಲಿ ಅದನ್ನು 1:12 ಮಾಡಬೇಕಾಯಿತು.

ನಮ್ಮ 6.5 ಗುಂಡಿನ ಲೆಕ್ಕಕ್ಕೇ ಬನ್ನಿ. 1:8ರಲ್ಲಿ 1.59 ಇದ್ದದ್ದು ಮೈನಸ್ 18 ಡಿಗ್ರಿಯಲ್ಲಿ 1.41 ಆಗುತ್ತದೆ. 1:9ರಲ್ಲಿ 1.11ಕ್ಕೆ ಇಳಿಯುತ್ತದೆ. ಅದೇ 1:9 ಬ್ಯಾರೆಲನ್ನು 1500 ಮೀಟರ್ ಎತ್ತರಕ್ಕೆ ಒಯ್ದು 15 ಡಿಗ್ರಿಯಲ್ಲಿ ಹೊಡೆದರೆ 1.5 ಮುಟ್ಟುತ್ತದೆ. ಬೆಟ್ಟದ ಮೇಲೆ ಹೊಡೆಯುವವನು "ನನ್ನ 1:9 ಸೊಗಸಾಗಿದೆ" ಅನ್ನುತ್ತಾನೆ, ಸಮುದ್ರದ ಪಕ್ಕ ಚಳಿಗಾಲದಲ್ಲಿ ಹೊಡೆಯುವವನು "ಅದು ಸುಳ್ಳು" ಅನ್ನುತ್ತಾನೆ. ಇಬ್ಬರೂ ಸರಿಯೇ. ನೀವು ಹೊಡೆಯುವ ಜಾಗದ ಅತಿ ಚಳಿಯ, ಅತಿ ತಗ್ಗಿನ ಸ್ಥಿತಿಗೆ ಲೆಕ್ಕ ಹಾಕಿ. ಅಲ್ಲಿ 1.5 ಇದ್ದರೆ ಬೇರೆ ಕಡೆ ಕೇಳುವುದೇ ಬೇಡ.

ಈಗ ಆಯ್ಕೆ

ರೈಫಲ್ ಈಗಾಗಲೇ ಇದ್ದರೆ ಮೊದಲು ಅದರ ನಿಜವಾದ ಟ್ವಿಸ್ಟ್ ಅಳೆಯಿರಿ. ಬ್ಯಾರೆಲ್ ಮೇಲೆ ಕೆತ್ತಿದ್ದಕ್ಕೂ ಒಳಗಿರುವುದಕ್ಕೂ ಕೆಲವೊಮ್ಮೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ರೈಫಲ್ ಖಾಲಿ ಇದೆಯೇ ಅಂತ ನೋಡಿ, ಬೋಲ್ಟ್ ತೆಗೆದಿಡಿ. ಹಿಡಿ ತಾನಾಗಿ ತಿರುಗುವಂಥ ಕ್ಲೀನಿಂಗ್ ರಾಡ್‌ಗೆ ಬಟ್ಟೆಯ ತುಂಡು ಬಿಗಿಯಾಗಿ ಸುತ್ತಿ ಒಳಗೆ ತಳ್ಳಿ. ರಾಡ್ ಮೇಲೆ ಒಂದು ಕಡೆ ಟೇಪ್ ಅಂಟಿಸಿ ಗುರುತು ಮಾಡಿ. ನಿಧಾನವಾಗಿ ತಳ್ಳುತ್ತಾ ಟೇಪ್ ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯಿತು ನೋಡಿ. ಎರಡು ಮೂರು ಸಲ ಮಾಡಿ, ಬಟ್ಟೆ ಜಾರಿದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಆ ಟ್ವಿಸ್ಟ್‌ಗೆ 1.5 ಕೊಡುವ ಗುಂಡುಗಳಲ್ಲಿ ಬಿ.ಸಿ. ಎಲ್ಲಕ್ಕಿಂತ ಜಾಸ್ತಿ ಇರುವುದನ್ನು ಆರಿಸಿ. 1.3 ಕೊಡುವ ಇನ್ನೊಂದರ ಬಿ.ಸಿ. ಕಾಗದದ ಮೇಲೆ ಸ್ವಲ್ಪ ಜಾಸ್ತಿ ಕಂಡರೂ ಆಸೆ ಪಡಬೇಡಿ. ಆ ಜಾಸ್ತಿ ಓಲಾಟದಲ್ಲೇ ಕರಗಿ ಹೋಗುತ್ತದೆ.

ಹೊಸ ಬ್ಯಾರೆಲ್ ಹಾಕಿಸುವವರು ಉಲ್ಟಾ ಕಡೆಯಿಂದ ಬನ್ನಿ. ಮುಂದೆ ಎಂದಾದರೂ ಹೊಡೆಯಬಹುದಾದ ಅತಿ ಉದ್ದದ ಗುಂಡು ಯಾವುದು? ಅದಕ್ಕೆ ಚಳಿಯಲ್ಲೂ 1.5 ಬರುವ ಟ್ವಿಸ್ಟ್ ಕೇಳಿ. ಎರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಬಿಗಿಯಾದದ್ದೇ ಇರಲಿ. ಬಿಗಿ ಬ್ಯಾರೆಲ್‌ನಲ್ಲಿ ಗಿಡ್ಡ ಗುಂಡು ಹೊಡೆಯಬಹುದು, ಸಡಿಲ ಬ್ಯಾರೆಲ್‌ನಲ್ಲಿ ಉದ್ದದ್ದು ಹೊಡೆಯಲು ಆಗಲ್ಲ. ಮ್ಯಾಗಜಿನ್ ಉದ್ದವನ್ನೂ ಈಗಲೇ ಅಳೆದುಕೊಳ್ಳಿ. ಉದ್ದ ಗುಂಡು ಮ್ಯಾಗಜಿನ್‌ಗೆ ಹಿಡಿಸದೆ ಕೇಸ್ ಒಳಗೆ ಆಳ ತಳ್ಳಬೇಕಾಗಿ ಬಂದರೆ ಮದ್ದಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಸ್ವಂತ ತುಂಬಿಸುವವರು ಗುಂಡು ಬದಲಾದಾಗಲೆಲ್ಲ ಆ ಗುಂಡಿಗೆಂದೇ ಪ್ರಕಟವಾದ ಲೋಡ್ ಪಟ್ಟಿಯ ಕೆಳಗಿನ ತುದಿಯಿಂದ ಶುರು ಮಾಡಬೇಕು.

ಕೊನೆಗೆ ರೇಂಜ್‌ನಲ್ಲಿ ನೋಡಿ. 100 ಗಜದಲ್ಲಿ ಕಾಗದದ ತೂತು ಮೊಟ್ಟೆ ಆಕಾರದಲ್ಲಿ ಬಿದ್ದರೆ, ಇಲ್ಲ ಒಂದು ಪಕ್ಕ ಮಸಿ ಉಜ್ಜಿದಂತೆ ಕಂಡರೆ ಆ ಜೋಡಿ ಕೂಡಲ್ಲ, ಅಲ್ಲಿಗೇ ಬಿಡಿ. ತೂತು ದುಂಡಗಿದ್ದರೆ 800 ಗಜದ ಆಚೆ ಹೋಗಿ ಗುಂಡು ಎಷ್ಟು ಇಳಿಯಿತು ನೋಡಿ. ಗುಂಡು ಬ್ಯಾರೆಲ್ ಬಾಯಿ ಬಿಡುವಾಗಿನ ವೇಗವನ್ನು ಕ್ರೋನೋಗ್ರಾಫ್‌ನಲ್ಲಿ (ವೇಗ ಅಳೆಯುವ ಸಾಧನ) ಅಳೆದಿದ್ದೀರಿ, ಸ್ಕೋಪ್ ಕ್ಲಿಕ್ ಸರಿಯಿದೆ, ಗಾಳಿಯ ಒತ್ತಡವನ್ನೂ ಸರಿಯಾಗಿ ಕೊಟ್ಟಿದ್ದೀರಿ, ಆದರೂ ಗುಂಡು ಲೆಕ್ಕಕ್ಕಿಂತ ಪ್ರತಿ ಸಲ ಕೆಳಗೆ ಬೀಳುತ್ತಿದ್ದರೆ ಎಸ್‌ಜಿ ಅಂಕವನ್ನು ಮತ್ತೆ ಹಾಕಿ ನೋಡಿ. 1.3ರ ಹತ್ತಿರ ಇದ್ದರೆ ಒಂದು ಹೆಜ್ಜೆ ಗಿಡ್ಡದ ಗುಂಡಿನ ಒಂದೇ ಒಂದು ಪೆಟ್ಟಿಗೆ ತಂದು ಅದೇ ದೂರದಲ್ಲಿ, ಅದೇ ದಿನ ಎರಡನ್ನೂ ಹೊಡೆದು ಹೋಲಿಸಿ.